ಕೂಡಿದ ಅಕ್ಷರ, ಕಳೆದುಹೋದ ಹೆಸರು

ಪಹ್ಲವಿ ಹಸ್ತಪ್ರತಿಯ ಒಂದು ಪುಟದ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಡಾಕ್ಟರರ ಚೀಟಿ. ಒಂದು ಗೀಟು, ಒಂದು ಕೊಕ್ಕೆ, ಮತ್ತೆ ಅದೇ ಗೀಟು. ಒಂದಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. ಜರತುಷ್ಟ್ರ ಧರ್ಮದವರು ತಮ್ಮ ವ್ಯಾಖ್ಯಾನ, ಕಾನೂನು, ಕತೆಗಳನ್ನೆಲ್ಲ ಶತಮಾನಗಳ ಕಾಲ ಕಾಪಿಟ್ಟುಕೊಂಡದ್ದು ಈ ಬರಹದಲ್ಲೇ ಎಂದು ತಿಳಿದಾಗ ಕುತೂಹಲ ಇಮ್ಮಡಿಯಾಯಿತು.

ಇರಾನಿನ ಹಳೆಯ ಲಿಪಿಗಳೆಲ್ಲ ಹೀಗಿರಲಿಲ್ಲ. ಮೊದಲನೆಯ ಡೇರಿಯಸ್ ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ ಬೆಣೆಲಿಪಿಯಲ್ಲಿ ಪ್ರತಿ ಚಿಹ್ನೆಯೂ ತನ್ನ ಪಾಡಿಗೆ ತಾನು ನಿಂತಿದೆ. ಪಹ್ಲವಿ ಅದರ ಸಂತಾನವಲ್ಲ. ಅದು ಅರಮಾಯಿಕ್‌ನ 22 ಅಕ್ಷರಗಳಿಂದ ಬಂದದ್ದು. ಕ್ರಿ.ಶ. 3ನೇ ಶತಮಾನದಲ್ಲಿ ಸಾಸಾನಿ ದೊರೆ ಮೊದಲನೆಯ ಶಾಪುರ್ ನಕ್ಷ್-ಎ-ರುಸ್ತಮ್‌ನಲ್ಲಿ ಹಾಕಿಸಿದ ಶಾಸನದಲ್ಲಿ ಆ ಅಕ್ಷರಗಳು ಇನ್ನೂ ಬಿಡಿಬಿಡಿಯಾಗಿವೆ. ಲೇಖಣಿಯ ಓಟಕ್ಕೆ ಸಿಕ್ಕ ಮೇಲೆ ಕತೆ ಬದಲಾಯಿತು. ಕೆಲವು ಅಕ್ಷರಗಳು ಎರಡೂ ಕಡೆ ಕೂಡಿಕೊಂಡವು, ಕೆಲವು ಒಂದೇ ಕಡೆ. ಕೂಡುವ ಭರದಲ್ಲಿ ಮೂಲೆಗಳು ಸವೆದವು. ಗ, ದ, ಯ ಮೂರಕ್ಕೂ ಒಂದೇ ರೂಪವಾಯಿತು. ನ, ವ, ರ ಮೂರೂ ಒಂದೇ ಗೀಟಾದವು. ಗ್ರಂಥಗಳ ಪಹ್ಲವಿಗೆ ಬರುವ ಹೊತ್ತಿಗೆ ಹನ್ನೆರಡು ಹದಿಮೂರು ಆಕಾರಗಳಷ್ಟೇ ಉಳಿದಿದ್ದವು.

ನಮ್ಮ ಒತ್ತಕ್ಷರಗಳೂ ವೇಷ ಬದಲಿಸುತ್ತವಲ್ಲ ಎಂದು ನೀವು ಕೇಳಬಹುದು. ಹೌದು, 'ರ' ಬಿಡಿಯಾಗಿ ಒಂದು ರೂಪ, 'ಕ್ರ'ದಲ್ಲಿ ಇನ್ನೊಂದು, 'ಅರ್ಕ'ದಲ್ಲಿ ಮತ್ತೊಂದು. ಆದರೆ ಆ ಮೂರು ವೇಷಗಳೂ 'ರ'ದವೇ. ಬೇರೆ ಅಕ್ಷರ ಅವನ್ನು ತೊಡುವುದಿಲ್ಲ. ಪಹ್ಲವಿಯಲ್ಲಿ ಆದದ್ದು ತಿರುವುಮುರುವು: ಅಲ್ಲಿ ಒಂದೇ ವೇಷವನ್ನು ಹಲವು ಅಕ್ಷರಗಳು ಹಂಚಿಕೊಂಡವು. ಸಾಲದ್ದಕ್ಕೆ ಎರಡು ಅಕ್ಷರ ಕೂಡಿದಾಗ ಮೂರನೆಯದರಂತೆ ಕಾಣುವುದೂ ಉಂಟು.

ಇದರ ಬೆಲೆ ಎಷ್ಟೆಂದು ತಿಳಿಯಲು ಒಂದೇ ಪದ ಸಾಕು. ಆ ಧರ್ಮದ ಪರಮದೈವದ ಹೆಸರು ಮಧ್ಯ ಪರ್ಷಿಯನ್ನಿನಲ್ಲಿ ಓಹರ್ಮಜ್ದ್. ಅದನ್ನು ಬರೆದ ಆಕಾರವನ್ನೇ 'ಅನ್ಹೋಮಾ' ಎಂದೂ ಓದಬಹುದು: ವ ಇದ್ದಲ್ಲಿ ನ, ರ ಇದ್ದಲ್ಲಿ ವ, ಕೊನೆಯ ಜ್-ದ್ ಜೋಡಿ 'ಆ'ದಂತೆ. ಭಾರತದ ಪಾರ್ಸಿಗಳಲ್ಲಿ ಹಾಗೆ ಓದುವ ರೂಢಿಯೂ ಬೆಳೆಯಿತು. ನಿತ್ಯ ಪೂಜಿಸುವ ದೇವರ ಹೆಸರೇ ಕಣ್ಣೆದುರಿನ ಅಕ್ಷರಗಳಲ್ಲಿ ಕಳೆದುಹೋಯಿತು.

ಹಾಗಾದರೆ ಇದು ಕೆಟ್ಟ ಲಿಪಿಯೇ? ಅನೇಕರು ಹಾಗೆಂದಿದ್ದಾರೆ. ನಾನು ಪೂರ್ತಿ ಒಪ್ಪಲಾರೆ. 8ನೇ ಶತಮಾನದ ಇಬ್ನ್ ಅಲ್-ಮುಕಫ್ಫ ಹೇಳಿದ ಮಾತೊಂದನ್ನು 10ನೇ ಶತಮಾನದ ಇಬ್ನ್ ಅಲ್-ನದೀಮ್ ತನ್ನ 'ಫಿಹ್ರಿಸ್ತ್'ನಲ್ಲಿ ದಾಖಲಿಸಿದ್ದಾನೆ. ಪರ್ಷಿಯನ್ನರು ಅರಮಾಯಿಕ್ ಪದವಾದ 'ಲಹ್ಮಾ' ಎಂದು ಬರೆದು 'ನಾನ್' ಎಂದು ಓದುತ್ತಿದ್ದರಂತೆ. ಅದೇ ನಮ್ಮ ಹೋಟೆಲಿನ ನಾನ್. 'ಮಲ್ಕಾ' ಎಂದು ಬರೆದು 'ಶಾಹ್' ಎನ್ನುವುದೂ ಹೀಗೆಯೇ. ಇದಕ್ಕೆ ಹುಜ್ವಾರಿಶ್ನ್ ಎಂದು ಹೆಸರು. ಅಂದರೆ ಬಲ್ಲ ಓದುಗ ಅಕ್ಷರ ಕೂಡಿಸಿ ಓದುತ್ತಿರಲಿಲ್ಲ. ಇಡೀ ಪದದ ಮುಖ ನೋಡಿ ಗುರುತು ಹಿಡಿಯುತ್ತಿದ್ದ. ಪಹ್ಲವಿಯ ಅರ್ಧ ಲಿಪಿ ಹಾಳೆಯ ಮೇಲಿತ್ತು, ಇನ್ನರ್ಧ ಓದುಗನ ನೆನಪಿನಲ್ಲಿತ್ತು. ಗುರುವಿನಿಂದ ಶಿಷ್ಯನಿಗೆ ಆ ನೆನಪು ದಾಟುವವರೆಗೆ ತೊಂದರೆಯಿರಲಿಲ್ಲ. ಸರಪಳಿ ತುಂಡಾದಾಗ ಹಾಳೆ ಒಂಟಿಯಾಯಿತು.

ಈ ಅಪಾಯ ಆಗಿನವರಿಗೆ ತಿಳಿದಿರಲಿಲ್ಲವೆಂದಲ್ಲ. ಅವೆಸ್ತಾದ ಮಂತ್ರಗಳನ್ನು ಬರೆದಿಡಬೇಕಾಗಿ ಬಂದಾಗ ಸಾಸಾನಿ ಕಾಲದ ಪಂಡಿತರು ಪಹ್ಲವಿಯನ್ನೇ ಬಿಚ್ಚಿ ಹೊಸ ಲಿಪಿ ಕಟ್ಟಿದರು. ಅದರಲ್ಲಿ ಐವತ್ತಕ್ಕೂ ಹೆಚ್ಚು ಅಕ್ಷರಗಳಿವೆ. ಹ್ರಸ್ವ ದೀರ್ಘ ಸ್ವರಗಳಿಗೆ ಬೇರೆ ಬೇರೆ ಗುರುತುಗಳಿವೆ, ಅಕ್ಷರಗಳು ಹೆಚ್ಚಾಗಿ ಬಿಡಿಯಾಗಿಯೇ ನಿಲ್ಲುತ್ತವೆ. ಮಂತ್ರದ ಉಚ್ಚಾರ ತಪ್ಪಬಾರದಾದ್ದರಿಂದ ಅಲ್ಲಿ ಅಕ್ಷರಗಳನ್ನು ಬಿಡಿಸಿದರು. ವ್ಯಾಖ್ಯಾನಕ್ಕೆ ಮಾತ್ರ ಹಳೆಯ ಕೂಡುಬರಹವೇ ಸಾಕೆಂದುಕೊಂಡರು. ನನಗೆ ಅವರ ಎಡವಟ್ಟು ಕಾಣುವುದು ಇಲ್ಲಿ. ಮಂತ್ರದ ಧ್ವನಿ ಉಳಿಯಿತು, ಅದರ ಅರ್ಥ ಹೇಳಬೇಕಾದ ಮಾತು ಮಸುಕಾಯಿತು.

20ನೇ ಶತಮಾನದ ಆರಂಭದಲ್ಲಿ ತುರ್ಫಾನ್‌ನಲ್ಲಿ ಮಾನಿ ಪಂಥದವರ ಹಾಳೆಗಳು ಸಿಕ್ಕವು. ಅದೇ ಮಧ್ಯ ಪರ್ಷಿಯನ್ ನುಡಿ, ಆದರೆ ಸ್ಪಷ್ಟವಾದ ಲಿಪಿ, ಹುಜ್ವಾರಿಶ್ನ್ ಇಲ್ಲ. ಪಹ್ಲವಿಯ ಎಷ್ಟೋ ಪದಗಳ ಉಚ್ಚಾರ ಅದರಿಂದ ಗಟ್ಟಿಯಾಯಿತು. ಎಲ್ಲವೂ ಬಗೆಹರಿಯಲಿಲ್ಲ. ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನ ಶಿಲುಬೆಯ ಸುತ್ತ ಒಂದು ಚಿಕ್ಕ ಪಹ್ಲವಿ ಬರಹವಿದೆ. 19ನೇ ಶತಮಾನದಿಂದ ಅದಕ್ಕೆ ಒಬ್ಬೊಬ್ಬ ವಿದ್ವಾಂಸರು ಒಂದೊಂದು ಓದು ಕೊಟ್ಟಿದ್ದಾರೆ. ಇಷ್ಟು ಪುಟ್ಟ ಬರಹದ ಗತಿ ಇದಾದರೆ ಇಡೀ ಗ್ರಂಥಗಳ ಪಾಡೇನು?

ಆದ್ದರಿಂದ ಪಹ್ಲವಿಯಿಂದ ಬಂದ ಅನುವಾದ ತೀರಾ ನುಣುಪಾಗಿದ್ದರೆ ನನಗೆ ಅನುಮಾನ. ಅನುವಾದಕ ಒಂದು ಗೀಟನ್ನು 'ನ' ಎಂದು ಆರಿಸಿಕೊಂಡ ಗಳಿಗೆಯಲ್ಲಿ 'ವ', 'ರ'ಗಳನ್ನು ಕೈಬಿಟ್ಟಿರುತ್ತಾನೆ. ಆ ಆಯ್ಕೆ ಓದುಗನಿಗೆ ಕಾಣಬೇಕು. ಲಿಪಿಯೇ ಅನುಮಾನವನ್ನು ಉಳಿಸಿಕೊಂಡು ಬಂದಿರುವಾಗ ಅದನ್ನು ಅಳಿಸುವ ಹಕ್ಕು ನಮಗೆ ಯಾರು ಕೊಟ್ಟರು?