ಗಾಡಿ ಚಿಕ್ಕದಿದ್ದಷ್ಟೂ ಚೆನ್ನ

ಅಮೆರಿಕದ ಕ್ಯಾಂಪ್‌ಗ್ರೌಂಡುಗಳಿಗೆ ಹೋದರೆ ಬಸ್ಸಿನಷ್ಟುದ್ದದ ಗಾಡಿಗಳು ಕಾಣುತ್ತವೆ. ಸೋಫಾ, ಟಿವಿ, ಏಸಿ, ಷವರ್ ಎಲ್ಲವೂ ಒಳಗೇ. ನನ್ನ ಒಲವು ಮಾತ್ರ ಟಿಯರ್‌ಡ್ರಾಪ್ ಟ್ರೈಲರಿನ ಮೇಲೆ. ಮುಂದೆ ದುಂಡಗೆ, ಹಿಂದೆ ಇಳಿಜಾರಾಗಿರುವ ಈ ಪುಟ್ಟ ಗಾಡಿಯನ್ನು 1930ರ ದಶಕದಿಂದಲೂ ಅಲ್ಲಿನ ಜನ ಮನೆಯಲ್ಲೇ ಕಟ್ಟಿಕೊಳ್ಳುತ್ತಾ ಬಂದಿದ್ದಾರೆ. ಹಳೆಯ ಮಾದರಿ ಸುಮಾರು ನಾಲ್ಕಡಿ ಅಗಲ, ಎಂಟಡಿ ಉದ್ದ. ಪ್ಲೈವುಡ್ ಹಾಳೆಯದೂ ಅದೇ ಅಳತೆ. ಸಾಧಾರಣ ಕಾರಿಗೂ ಎಳೆಯಲು ಭಾರವಲ್ಲ. ಒಳಗೆ ಇಬ್ಬರು ಮಲಗಬಹುದು, ಎದ್ದು ನಿಲ್ಲುವಂತಿಲ್ಲ. ಅಡುಗೆ ಕಟ್ಟೆಯಂತೂ ಗಾಡಿಯ ಹಿಂಬದಿಗೆ, ಬಯಲಿಗೇ ಮುಖ ಮಾಡಿದೆ. ಡಿಕ್ಕಿಯಂತೆ ಬಾಗಿಲು ಮೇಲೆತ್ತಿದರೆ ಸ್ಟವ್, ಪಾತ್ರೆ, ಡಬ್ಬಿಗಳು.

ಈ ಇಕ್ಕಟ್ಟೇ ಅದರ ದೊಡ್ಡ ಗುಣ. ಮಲಗುವ ಹೊತ್ತು ಬಿಟ್ಟರೆ ಉಳಿದದ್ದೆಲ್ಲ ಹೊರಗೇ ನಡೆಯಬೇಕು. ಹೊರಗಿದ್ದವರನ್ನು ಅಕ್ಕಪಕ್ಕದವರು ಮಾತಾಡಿಸದೆ ಬಿಡುವುದಿಲ್ಲ.

ಇದಕ್ಕೆ ಹೇಳಿ ಮಾಡಿಸಿದ ಜಾಗ ಮಿನ್ನೆಸೋಟದ ಇಟಾಸ್ಕ ಸ್ಟೇಟ್ ಪಾರ್ಕ್. 1891ರಲ್ಲಿ ಆದದ್ದು, ಆ ರಾಜ್ಯದಲ್ಲೇ ಹಳೆಯದು. ಮಿಸಿಸಿಪ್ಪಿ ಹುಟ್ಟುವುದು ಇಲ್ಲಿನ ಸರೋವರದಲ್ಲಿ. ಮುಂದೆ ಹಡಗುಗಳು ಓಡಾಡುವ ಆ ನದಿಯನ್ನು ಇಲ್ಲಿ ಮಕ್ಕಳೂ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತವೆ. ಬೇರ್ ಪಾ ಕ್ಯಾಂಪ್‌ಗ್ರೌಂಡ್ ಸರೋವರದ ಮಗ್ಗುಲಲ್ಲೇ ಇದೆ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡುವಂತಿಲ್ಲ. ಆಮೇಲೆ ಕೇಳುವುದು ಲೂನ್ ಹಕ್ಕಿಯ ಕೂಗು: ಉದ್ದಕ್ಕೆ ಎಳೆದದ್ದು, ಎದೆ ಹಿಂಡುವಂಥದ್ದು.

ಅಲ್ಲಿ ಪಕ್ಕದ ಜಾಗದಲ್ಲಿದ್ದ ವಯಸ್ಸಾದ ದಂಪತಿ ನಮ್ಮ ಗಾಡಿ ಒಂದು ಕಡೆಗೆ ವಾಲಿದ್ದನ್ನು ಕಂಡು, ಕೇಳುವ ಮೊದಲೇ ಚಕ್ರದಡಿಗೆ ಹಲಗೆ ತಂದುಕೊಟ್ಟರು. ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಕರಿಬೇವಿನ ಘಮ ಹರಡಿದ್ದೇ ತಡ, ಆಕೆ ತಟ್ಟೆ ಹಿಡಿದೇ ಬಂದರು. ಸಂಜೆ ಆ ತಟ್ಟೆಗೆ ಬದಲಾಗಿ ಒಂದು ಬೋಗುಣಿ ವೈಲ್ಡ್ ರೈಸ್ ಬಂತು. ಆ ಸೀಮೆಯ ಸರೋವರಗಳ ಆಳವಿಲ್ಲದ ನೀರಿನಲ್ಲಿ ತಾನಾಗಿ ಬೆಳೆಯುವ ಹುಲ್ಲಿನ ಕಾಳು ಅದು. ಓಜಿಬ್ವೆ ಜನ ದೋಣಿಯಲ್ಲಿ ಕೂತು, ತೆನೆಗಳನ್ನು ಕೋಲಿನಿಂದ ಬಾಗಿಸಿ, ಮೆಲ್ಲಗೆ ತಟ್ಟಿ ಕಾಳನ್ನು ದೋಣಿಯೊಳಕ್ಕೇ ಉದುರಿಸಿಕೊಳ್ಳುತ್ತಾರೆ. ಕಪ್ಪನೆಯ ಉದ್ದ ಕಾಳು ಬೆಂದಾಗ ಸೀಳಿ, ಒಳಗಿನ ಬಿಳುಪು ಕಾಣುತ್ತದೆ. ಹುರಿದ ಕಡಲೆಯ ವಾಸನೆ, ಅಗಿಯಲು ಸ್ವಲ್ಪ ಗಟ್ಟಿ. ನಮ್ಮ ಸಾರಿಗೆ ಇಷ್ಟು ಚೆನ್ನಾಗಿ ಹೊಂದುವ ಪರದೇಶದ ಕಾಳನ್ನು ನಾನು ಬೇರೆ ಉಂಡಿಲ್ಲ.

ಮಿನಿಯಾಪೊಲಿಸ್ ಸುತ್ತ ಇರುವ ಕನ್ನಡಿಗರಿಗೆ ಇಟಾಸ್ಕ ನಾಲ್ಕು ಗಂಟೆಯ ದಾರಿ. ಗಾಡಿ ಕೊಳ್ಳುವ ಮೊದಲು ಒಮ್ಮೆ ಬಾಡಿಗೆಗೆ ತಂದು ನೋಡಿ. ಮಲಗುವಾಗ ಚಾವಣಿಯ ಕಿಂಡಿಯನ್ನು ಸ್ವಲ್ಪ ತೆರೆದಿಡಿ. ಇಲ್ಲವಾದರೆ ಇಬ್ಬರ ಉಸಿರಿಗೇ ಗೋಡೆ ಬೆವರಿ ಹಾಸಿಗೆ ಒದ್ದೆಯಾಗುತ್ತದೆ. ಸೊಳ್ಳೆ ಕಾಟ ಬೇಡವೆಂದರೆ ಸೆಪ್ಟೆಂಬರ್ ಒಳ್ಳೆಯದು. ಸೌದೆಯನ್ನು ಮಾತ್ರ ಊರಿನಿಂದ ಹೇರಿಕೊಂಡು ಹೋಗಬೇಡಿ. ಆ ನಾಡಿನ ಆಷ್ ಮರಗಳನ್ನು ಕೊಲ್ಲುತ್ತಿರುವ ಹಸಿರು ಜೀರುಂಡೆ ಊರಿಂದೂರಿಗೆ ದಾಟುವುದು ಸೌದೆಯೊಳಗೇ ಕೂತು. ಉರಿಸುವ ಜಾಗದ ಹತ್ತಿರವೇ ಕೊಳ್ಳಿ.