ವಸಂತವರ್ಣನೆಯೂ ಒಕ್ಕಲಮನೆಯೂ

ನಮ್ಮ ಕಾವ್ಯಗಳಲ್ಲಿ ವಸಂತವರ್ಣನೆಗೆ ಬಡತನವಿಲ್ಲ. ಮಹಾಕಾವ್ಯದಲ್ಲಿ ಋತುವರ್ಣನೆಯಿರಬೇಕೆಂದು ದಂಡಿಯು ಕಾವ್ಯಾದರ್ಶದಲ್ಲಿ ವಿಧಿಸಿದ ಮೇಲೆ, ಸಂಸ್ಕೃತದಲ್ಲಾಗಲಿ ಕನ್ನಡದಲ್ಲಾಗಲಿ ಮಾವಿನ ತಳಿರು, ಕೋಗಿಲೆಯ ದನಿ, ಮಲಯಮಾರುತ, ವಿರಹಿಗಳ ಸಂಕಟ ಇವುಗಳನ್ನು ಬಿಟ್ಟು ಮುಂದುವರಿದ ಕವಿಗಳು ವಿರಳ. ಆ ವರ್ಣನೆಗಳ ಸೊಗಸನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅದು ಯಾರ ವಸಂತವೆಂದು ವಿಚಾರಿಸುವುದಷ್ಟೇ ಉದ್ದೇಶ.

ಕಾಳಿದಾಸನ ಹೆಸರಿನಿಂದ ಪ್ರಸಿದ್ಧವಾಗಿರುವ ಋತುಸಂಹಾರವು ಗ್ರೀಷ್ಮದಿಂದ ತೊಡಗಿ ವಸಂತದಲ್ಲಿ ಮುಗಿಯುತ್ತದೆ. ಪ್ರಣಯಿಗಳಿಗೆ ಈ ಕ್ರಮವು ಉಚಿತವೇ. ಅವರಿಗೆ ವಸಂತವು ವರ್ಷದ ಫಲ. ಒಕ್ಕಲಿಗನಿಗಾದರೋ ಅದು ವರ್ಷದ ಮೊದಲು. ಯುಗಾದಿಯಾದೊಡನೆ ಹೊನ್ನಾರು ಹೂಡಿ ಹೊಲದಲ್ಲಿ ಮೊದಲ ಸಾಲನ್ನೆಳೆಯುವವನಿಗೆ ಉದ್ಯಾನದಲ್ಲಿ ಕುಳಿತವನ ವಸಂತವು ಪರರ ಮನೆಯ ಹಬ್ಬದಂತೆ ದೂರವಾದುದು.

ಈ ಭೇದವು ನನಗೆ ತಿಳಿದುದು ತಡವಾಗಿ. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನೋದಿ, ಆನೇಕಲ್ ಸೀಮೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ, ಮಕ್ಕಳಿಂದ ವಸಂತಕಾಲವನ್ನು ಕುರಿತು ಪ್ರಬಂಧ ಬರೆಯಿಸಿದೆನು. ಒಬ್ಬ ಹುಡುಗನು ತಿಪ್ಪೆ ಕೆದಕಿದುದನ್ನೂ, ಗಾಡಿ ತುಂಬಿದುದನ್ನೂ, ಹೊಲದಲ್ಲಿ ಗೊಬ್ಬರದ ಗುಪ್ಪೆಗಳನ್ನು ಸಾಲಾಗಿ ಇಟ್ಟುದನ್ನೂ, ಆ ಕೆಲಸದಿಂದ ಶಾಲೆಗೆ ತಡವಾಗಿ ಬಂದು ನನ್ನಿಂದಲೇ ಬೈಸಿಕೊಂಡುದನ್ನೂ ಬರೆದಿದ್ದನು. ಕೋಗಿಲೆಯ ಮಾತೇ ಇರಲಿಲ್ಲ. ನಾನು ಕೆಂಪು ಶಾಯಿಯಿಂದ ಗೆರೆಯೆಳೆದು ಪಕ್ಕದಲ್ಲಿ ‘ಗ್ರಾಮ್ಯ’ ಎಂದು ಬರೆದೆನು. ಶಾಸ್ತ್ರದಲ್ಲಿ ಗ್ರಾಮ್ಯತ್ವವು ದೋಷವಷ್ಟೆ.

ಎಷ್ಟೋ ವರ್ಷಗಳ ಮೇಲೆ ಕೃಷಿಪರಾಶರವೆಂಬ ಗ್ರಂಥವು ಕೈಗೆ ಬಂದಿತು. ಮಾಘದಲ್ಲಿ ಗೊಬ್ಬರದ ರಾಶಿಯನ್ನು ಶ್ರದ್ಧೆಯಿಂದ ಪೂಜಿಸಿ ಎತ್ತಬೇಕು, ಬಿಸಿಲಿನಲ್ಲಿ ಒಣಗಿಸಿ ಉಂಡೆ ಮಾಡಬೇಕು, ಫಾಲ್ಗುನದಲ್ಲಿ ಹೊಲಹೊಲಕ್ಕೂ ಗುಂಡಿ ತೋಡಿ ಇಡಬೇಕು, ಬಿತ್ತನೆಯಲ್ಲಿ ಅದನ್ನು ಹರಡಬೇಕು. ಗೊಬ್ಬರವಿಲ್ಲದ ಪೈರು ಬೆಳೆದರೂ ಫಲವನ್ನು ಕೊಡದು ಎಂದು ಅದು ಹೇಳುತ್ತದೆ. ಸಂಸ್ಕೃತದ ಶಾಸ್ತ್ರವೇ ಪೂಜಾರ್ಹವೆಂದ ವಸ್ತುವನ್ನು ನಾನು ಹುಡುಗನ ಬರಹದಲ್ಲಿ ದೋಷವೆಂದಿದ್ದೆನು. ದೋಷವು ಯಾರದೆಂದು ಹೇಳಬೇಕಾಗಿಲ್ಲ.

ರಾಗಿಸೀಮೆಯ ಒಕ್ಕಲಮನೆಯಲ್ಲಿ ವಸಂತವೆಂದರೆ ಬಿಡುವಿಲ್ಲದ ಕಾಲ. ಬತ್ತಿದ ಕೆರೆಯಿಂದ ಗೋಡನ್ನು ಹೊಲಕ್ಕೆ ಹೊಡೆಯಬೇಕು. ನೇಗಿಲಿನ ಗುಳವನ್ನು ಕುಲುಮೆಗೊಯ್ದು ಹದಮಾಡಿಸಬೇಕು. ಹುಣಿಸೆಯನ್ನು ಬಡಿದು, ಓಡು ಬಿಡಿಸಿ, ನಾರು ಬೀಜಗಳನ್ನು ತೆಗೆದು, ಉಪ್ಪು ಬೆರಸಿ ಮಡಕೆಗೆ ತುಂಬಬೇಕು. ಬಿತ್ತನೆಯ ಕಾಳನ್ನು ಬಿಸಿಲಿಗೆ ಹಾಕಿ, ಬೂದಿ ಬೆರಸಿ ಗುಡಾಣದಲ್ಲಿಡಬೇಕು. ಗೋಡೆಗೆ ಸುಣ್ಣ, ಜಗಲಿಗೆ ಕೆಮ್ಮಣ್ಣು ಆಗಬೇಕು. ಹೊಂಗೆಯ ಹೂವಿನಲ್ಲಿ ಕವಿಯು ದುಂಬಿಯನ್ನು ಕಾಣುವನು; ಮನೆಯ ಗೃಹಿಣಿಯು ಉದುರಿದ ಹೂವನ್ನು ಗುಡಿಸಿ ತಿಪ್ಪೆಗೆ ಸೇರಿಸುವಳು, ಅದು ಒಳ್ಳೆಯ ಗೊಬ್ಬರವೆಂದು ಬಲ್ಲಳಾದುದರಿಂದ. ಇಬ್ಬರಲ್ಲಿ ಹೂವನ್ನು ಹೆಚ್ಚು ಅರಿತವರು ಯಾರು?

ಇಂಥ ಕೆಲಸವು ಸಾಹಿತ್ಯಕ್ಕೆ ಒಗ್ಗದೆಂಬ ಮಾತು ಸಲ್ಲದು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಬೀಸುವ ಕಲ್ಲಿನ ಬಳಿಯ ಬಾಳಿಗೂ ಕಾವ್ಯಕ್ಕೂ ಇರುವ ನಂಟನ್ನು ತೋರಿಸಿಕೊಟ್ಟಿತು. ೧೯೩೬ರಲ್ಲಿ ‘ಕಾನೂರು ಹೆಗ್ಗಡಿತಿ’ಯು ಮಲೆನಾಡಿನ ಮನೆತನದ ದಿನಚರಿಯನ್ನು ಕಾದಂಬರಿಯ ವಸ್ತುವನ್ನಾಗಿ ಮಾಡಿತು. ಕೊರತೆಯು ವಸ್ತುವಿನಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ.

ಈಗ ನಮ್ಮ ಸೀಮೆಯಲ್ಲಿ ಈ ಕೊರತೆಯು ಹೊಸ ರೂಪವನ್ನು ತಾಳಿದೆ. ಇಂದು ಗಣಕಯಂತ್ರದ ಉದ್ಯಮಕ್ಕೆ ಹೆಸರಾದ ವೈಟ್‌ಫೀಲ್ಡು, ೧೮೮೨ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು ಕೊಟ್ಟ ೩,೯೦೦ ಎಕರೆಗಳಲ್ಲಿ ಹುಟ್ಟಿದ ಊರು. ಎಲೆಕ್ಟ್ರಾನಿಕ್ ಸಿಟಿಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎದ್ದಿತು. ಹೀಗೆ ಮರೆಯಾದ ಹಳ್ಳಿಗಳನ್ನು ನೆನೆದು ತರುಣರು ಪದ್ಯ ಬರೆಯುತ್ತಾರೆ. ಅವರ ದುಃಖವು ನಿಜ. ಆದರೆ ಅಲ್ಲಿಯೂ ಅದೇ ಕೋಗಿಲೆ, ಅದೇ ತಳಿರು. ಕೋಗಿಲೆಯು ಹೋಗಿಲ್ಲ, ಕಾರ್ಖಾನೆಯ ಆವರಣದ ಮರದಲ್ಲಿಯೂ ಕೂಗುತ್ತಿದೆ. ಹೋದುದು ಹೊನ್ನಾರು, ಹೋದುದು ಕೆರೆಗೋಡು. ೨೦೧೭ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೆದ್ದಿತು. ಗೋಡು ಹೊಡೆಯುವ ಕಾಲದಲ್ಲಿಯೇ ಕೆರೆಯು ಹೊತ್ತಿ ಉರಿಯಿತೆಂಬುದರ ಕ್ರೌರ್ಯವು, ಗೋಡೆಂದರೇನೆಂದು ಅರಿಯದ ಕವಿಗೆ ಹೇಗೆ ತಿಳಿದೀತು? ಏನನ್ನು ಕಳೆದುಕೊಂಡೆವೆಂದು ಹೆಸರಿಡಿದು ಹೇಳಲಾರದ ಶೋಕಗೀತವು ಅಲಂಕಾರವಾಗಿಯೇ ಉಳಿಯುವುದು.

ಆದುದರಿಂದ ಬರೆಯುವವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಅಜ್ಜಿಯರು ಹುಣಿಸೆ ಬಿಡಿಸಿದ ಬಗೆಯನ್ನೂ, ಬೀಜ ಕಾಪಾಡಿದ ಬಗೆಯನ್ನೂ, ಅವರು ಆಡಿದ ಮಾತಿನಲ್ಲಿಯೇ ಮೊದಲು ಬರೆದಿಡಿರಿ. ಪದ್ಯವು ಆಮೇಲೆ ಬರಲಿ. ಆ ಹುಡುಗನ ಪ್ರಬಂಧವು ಈಗ ನನ್ನಲ್ಲಿಲ್ಲ. ಇದ್ದಿದ್ದರೆ ನನ್ನ ಈ ಲೇಖನಕ್ಕೆ ಬದಲಾಗಿ ಅದನ್ನೇ ಸಂಪಾದಕರಿಗೆ ಕಳುಹಿಸುತ್ತಿದ್ದೆನು.