ಎರಡು ಕೆಂಪು ತಂತಿ

ರಜೆಗೆ ಬಂದ ತಮ್ಮನ ಮಗನಿಗೆಂದು ಅಟ್ಟದಿಂದ ನನ್ನ ಮಗನ ಹಳೆಯ ಪ್ಲೇಸ್ಟೇಷನ್ 2 ಇಳಿಸಿದೆ. ಹೊಸ ಟಿವಿಯಲ್ಲಿ ಚಿತ್ರವೆಲ್ಲ ಮಸುಕು. ಅಂಗಡಿಯವನು ಚಿನ್ನದ ಲೇಪದ ಎಚ್‌ಡಿಎಂಐ ಕೇಬಲ್ ಮುಂದಿಟ್ಟು, "ದುಡ್ಡಿಗೆ ತಕ್ಕ ಪಿಕ್ಚರ್ ಮೇಡಂ" ಎಂದ. ಹೆಂಗಸರಿಗೆ ತಂತಿ ತಿಳಿಯದೆಂಬ ಧೈರ್ಯ! 2000ನೇ ಇಸವಿಯಲ್ಲಿ ಬಂದ ಆ ಯಂತ್ರದಲ್ಲಿ ಎಚ್‌ಡಿಎಂಐ ಚುಚ್ಚಲು ಜಾಗವೇ ಇಲ್ಲ. ಪ್ಲೇಸ್ಟೇಷನ್ 5ಕ್ಕಾದರೋ ಪೆಟ್ಟಿಗೆಯಲ್ಲೇ ಕೇಬಲ್ ಬರುತ್ತದೆ; ಚಿನ್ನ ಬಳಿದರೆ ಅದರ ಚಿತ್ರವೇನೂ ಹೆಚ್ಚು ಹೊಳೆಯದು.

ಮಸುಕಿಗೆ ಮುಖ್ಯ ಕಾರಣ ಹಳದಿ ತಂತಿ. ಬೆಳಕನ್ನೂ ಬಣ್ಣವನ್ನೂ ಒಟ್ಟಿಗೇ ಕಲಸಿ ಕಳಿಸುತ್ತದೆ. ಟಿವಿ ಮತ್ತೆ ಬಿಡಿಸಿಕೊಳ್ಳಬೇಕು. ಸಾರು, ಮಜ್ಜಿಗೆ ಒಂದೇ ಡಬ್ಬಿಗೆ ಸುರಿದು ಕಳಿಸಿದರೆ ಮಕ್ಕಳು ಉಣ್ಣುತ್ತಾರೆಯೆ? ಕಾಂಪೊನೆಂಟ್ ಕೇಬಲ್ ಹಸಿರು, ನೀಲಿ, ಕೆಂಪು ಎಂದು ಮೂರು ತಂತಿಗಳಲ್ಲಿ ಚಿತ್ರವನ್ನು ಬೇರೆ ಬೇರೆಯಾಗಿ ಒಯ್ಯುತ್ತದೆ. ಇಂಥ ಹಳೆಯ ಯಂತ್ರಕ್ಕೆ ಅದೇ ಸರಿ. ಕೊಳ್ಳುವ ಮುನ್ನ ಟಿವಿಯ ಹಿಂದೆ ಆ ಮೂರು ಬಣ್ಣದ ತೂತುಗಳಿವೆಯೇ ಎಂದು ಇಣುಕಿ ನೋಡಿ. ಹಳದಿ ತಂತಿ ಬಿಚ್ಚುವ ಮೊದಲೇ ಯಂತ್ರದ ಸೆಟ್ಟಿಂಗನ್ನೂ ಬದಲಿಸಿಕೊಳ್ಳಿ.

ನನ್ನದೊಂದು ದೂರು ಮಾತ್ರ ಉಳಿದಿದೆ. ಅದರಲ್ಲಿ ಧ್ವನಿಗೂ ಒಂದು ಕೆಂಪು, ಚಿತ್ರಕ್ಕೂ ಒಂದು ಕೆಂಪು! ಅದಲುಬದಲಾದರೆ ಬಣ್ಣ ಕೆಡುತ್ತದೆ, ಒಂದು ಸ್ಪೀಕರು ಗುಂಯ್‌ಗುಡುತ್ತದೆ. ಧ್ವನಿಯ ಕೆಂಪಿಗೆ ಬಿಳಿ ದಾರ ಕಟ್ಟಿಟ್ಟಿದ್ದೇನೆ.